ಬೆರಳಕ್ಕನ ಹನ್ನೊಂದು ಶುಕ್ರವಾರಗಳು

ಉಣ್ಣೆ ಗಿರಣಿಯ ಮೂರನೇ ಮಹಡಿಯಲ್ಲಿ ಉತ್ತರಕ್ಕೆ ಕಿಟಕಿಗಳಿರುವ ಉದ್ದನೆಯ ಕೋಣೆಯೊಂದಿದೆ. ಮಗ್ಗದಿಂದ ಇಳಿದ ಬಟ್ಟೆ ಒಗೆತಕ್ಕೂ ಬಣ್ಣಕ್ಕೂ ಹೋಗುವ ಮೊದಲು ಅಲ್ಲಿಗೆ ಬರುತ್ತದೆ. ಹೆಂಗಸರು ಅದನ್ನು ಇಳಿಜಾರು ಮೇಜಿನ ಮೇಲೆ ಹಾಸಿಕೊಂಡು ಬೆರಳ ತುದಿಯಲ್ಲಿ ಸವರುತ್ತಾ ಹೋಗುತ್ತಾರೆ. ನೂಲು ಹರಿದಾಗ ನೇಕಾರ ಹಾಕಿದ ಗಂಟು ಬೆರಳಿಗೆ ತಗುಲಿದರೆ ಚಿಮಟದಿಂದ ಎತ್ತಿ, ಬಿಚ್ಚಿ, ಎರಡೂ ತುದಿಗಳನ್ನು ಸೂಜಿಯಲ್ಲಿ ಒಳಗೆ ಸೇರಿಸಬೇಕು. ಕಣ್ಣಿಗೆ ಕಾಣುವುದಕ್ಕಿಂತ ಮುಂಚೆ ಬೆರಳಿಗೆ ಗೊತ್ತಾಗಬೇಕಾದ ಕೆಲಸ.

ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದ ಹೆಂಗಸನ್ನು ಎಲ್ಲರೂ ಬೆರಳಕ್ಕ ಅನ್ನುತ್ತಾರೆ. ಅತಿ ನಯವಾದ ಸೂಟಿನ ಬಟ್ಟೆ ಬಂದರೆ ಅದು ಅವಳ ಮೇಜಿಗೇ ಹೋಗುತ್ತದೆ. ಅವಳು ಸವರುವುದು ಕಣ್ಣು ಮುಚ್ಚಿಕೊಂಡು. ಹೊಸಬರು ನೋಡಿ ನಿದ್ದೆ ಹೊಡೆಯುತ್ತಿದ್ದಾಳೆ ಅಂದುಕೊಳ್ಳುವುದುಂಟು. "ಹೊಡೀಲಿ ಬಿಡ್ರೇ, ನಿದ್ದೇಲೂ ನಮಗಿಂತ ಎರಡು ಜಾಸ್ತಿ ಹಿಡೀತಾಳೆ" ಎಂದು ಪಕ್ಕದ ಮೇಜಿನವಳು ಅವರನ್ನು ಸುಮ್ಮನಾಗಿಸುತ್ತಾಳೆ.

ನಲವತ್ತೇಳನೇ ವಯಸ್ಸಿನಲ್ಲಿ ಬೆರಳಕ್ಕನ ಎಡ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಸ್ತನವನ್ನು ಪೂರ್ತಿ ತೆಗೆದರು, ನಾಲ್ಕು ಸಲ ಔಷಧಿ ಏರಿಸಿದರು, ಕೂದಲು ಹೋಗಿ ಮತ್ತೆ ಬಂತು. ಅವಳು ಕೆಲಸಕ್ಕೆ ಮರಳಿದಳು. ನಾಲ್ಕು ವರ್ಷ ತಪಾಸಣೆಗೆ ಹೋದಾಗಲೆಲ್ಲ ಡಾಕ್ಟರು "ಏನೂ ಇಲ್ಲ, ಹೋಗಿ ಬನ್ನಿ" ಎಂದರು.

ಐದನೇ ವರ್ಷದ ಆರಂಭದಲ್ಲಿ ಒಂದು ದಿನ ಸ್ನಾನ ಮಾಡುವಾಗ, ಹೊಲಿಗೆಯ ಗೆರೆ ಕಂಕುಳ ಕಡೆ ಮುಗಿಯುವಲ್ಲಿ, ಅಕ್ಕಿಕಾಳಿನ ಗಾತ್ರದ್ದೊಂದು ಬೆರಳಿಗೆ ಸಿಕ್ಕಿತು. ಬೇರೆ ಯಾರೇ ಆಗಿದ್ದರೂ ಮಾರನೇ ದಿನವೇ ಆಸ್ಪತ್ರೆಗೆ ಓಡುತ್ತಿದ್ದರು. ಬೆರಳಕ್ಕ ಮಾತ್ರ ಅದನ್ನು ತನ್ನ ಕಸುಬಿನ ಲೆಕ್ಕದಲ್ಲಿ ಓದಿದಳು. ಹೊಲಿದ ಮೇಲೆ ಒಳಗಡೆ ನೂಲಿನ ಗಂಟು ಉಳಿದೇ ಉಳಿಯುತ್ತದೆ. ಬಟ್ಟೆಯನ್ನು ನಾಲ್ಕು ಸಲ ಎಳೆದು ಹಾಸಿದರೆ ಹಿಂಬದಿಯ ಗಂಟು ಮುಂಬದಿಗೆ ತಲೆ ಹಾಕುವುದು ಅವಳು ದಿನಾ ನೋಡುತ್ತಿದ್ದ ಸಂಗತಿ. ಇದೂ ಅದೇ ಇರಬೇಕು, ಮೇಲೆ ಬಂದು ತಾನಾಗಿ ಉದುರುತ್ತದೆ ಎಂದು ತೀರ್ಮಾನಿಸಿದಳು. ಊಹೆ ಅಂತಲ್ಲ, ಗೊತ್ತಿದೆ ಅಂತಲೇ. ಹಾಗಾಗಿ ಯಾರಿಗೂ ತುಟಿ ಪಿಟಕ್ಕೆನ್ನದೆ ಹನ್ನೊಂದು ವಾರ ಕಾದಳು. ಅಷ್ಟರಲ್ಲಿ ಕಾಳು ಬಟಾಣಿಯಾಗಿತ್ತು, ಪಕ್ಕದಲ್ಲಿ ಇನ್ನೊಂದು ಎದ್ದಿತ್ತು. ಆಗ ಆಸ್ಪತ್ರೆಗೆ ಹೋಗಿ ತನ್ನ ನೂಲಿನ ಲೆಕ್ಕ ಹೇಳಿದಳು.

"ಒಳಗಿನ ಹೊಲಿಗೆ ನೂಲು ಕೆಲವೇ ತಿಂಗಳಲ್ಲಿ ಕರಗಿಹೋಗುತ್ತಮ್ಮ" ಎಂದರು ಡಾಕ್ಟರಮ್ಮ. "ನಾಲ್ಕು ವರ್ಷ ಯಾವ ನೂಲೂ ಇರಲ್ಲ."

ಸೂಜಿ ಹಾಕಿ ತೆಗೆದ ಚೂರು ಪರೀಕ್ಷೆಗೆ ಹೋಯಿತು. ಹಳೆಯ ಕ್ಯಾನ್ಸರೇ, ಹಳೆಯ ಜಾಗದಲ್ಲೇ ಮತ್ತೆ ಬಂದಿತ್ತು. ಸ್ತನವೇ ಇಲ್ಲದ ಮೇಲೆ ಇದೆಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, ಚರ್ಮದಲ್ಲೋ ಅದರಡಿಯ ಮಾಂಸದಲ್ಲೋ ಕಣ್ಣಿಗೆ ಕಾಣದ ಕೆಲವು ಕಣ ಉಳಿದುಬಿಡುತ್ತವೆ, ಯಾರ ತಪ್ಪೂ ಅಲ್ಲ ಎಂಬ ಉತ್ತರ ಸಿಕ್ಕಿತು. ಮೈಯ ಬೇರೆ ಭಾಗಗಳ ಸ್ಕ್ಯಾನ್ ನಡೆಯಿತು. ಶ್ವಾಸಕೋಶ, ಪಿತ್ತಜನಕಾಂಗ, ಮೂಳೆ ಎಲ್ಲ ಚೊಕ್ಕ. ಬಂದದ್ದು ಎದೆಗೂಡಿನ ಮೇಲೆ ಮಾತ್ರ. ಇಂಥದ್ದನ್ನು ಪೂರ್ತಿ ವಾಸಿ ಮಾಡುವ ಉದ್ದೇಶದಿಂದಲೇ ನೋಡುತ್ತೇವೆ ಎಂದು ಡಾಕ್ಟರಮ್ಮ ಒತ್ತಿ ಹೇಳಿದರು.

ಮನೆಯಲ್ಲಿ ಮೂವರು. ಬೆರಳಕ್ಕ, ಅವಳ ಗಂಡ, ಗಂಡನ ತಾಯಿ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಆ ಕೊರತೆಯನ್ನು ಎಪ್ಪತ್ತೆಂಟರ ಅತ್ತೆ ತುಂಬುತ್ತಾರೆ. ಸುದ್ದಿ ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು.

"ಮನೆ ಕೆಡವಿದ ಮೇಲೂ ಬಾಡಿಗೆಯವನು ಜಾಗ ಖಾಲಿ ಮಾಡಿಲ್ವಾ?"

"ಇಲ್ಲ ಅತ್ತೆ. ಜಗಲಿ ಮೇಲೇ ಮಲಗಿದ್ನಂತೆ."

"ಒದ್ದು ಓಡಿಸೋಕೆ ಹೇಳು" ಎಂದು ಅತ್ತೆ ಕನ್ನಡಕ ಹಾಕಿಕೊಂಡರು. ಕಣ್ಣಲ್ಲಿ ನೀರಿತ್ತು. ಸೊಸೆ ನೋಡಿದರೂ ನೋಡದವಳಂತೆ ಇದ್ದಳು.

ಶಸ್ತ್ರಚಿಕಿತ್ಸೆ ಬೇಗ ಮುಗಿಯಿತು. ಅಂಗೈಯಗಲದ ಚರ್ಮ, ಸ್ವಲ್ಪ ಮಾಂಸ ತೆಗೆದು ತೊಡೆಯ ಚರ್ಮದಿಂದ ತೇಪೆ ಹಾಕಿದರು. ತೇಪೆಯ ಅಂಚು ನೋಡಿ ಬೆರಳಕ್ಕ, "ಕೈ ಪರವಾಗಿಲ್ಲ" ಎಂದು ಸರ್ಜನ್‌ಗೆ ಸರ್ಟಿಫಿಕೇಟ್ ಕೊಟ್ಟಳು. ಕಷ್ಟ ಎದುರಾದದ್ದು ಮುಂದಿನ ಹೆಜ್ಜೆಯಲ್ಲಿ. ಅವಳ ಕ್ಯಾನ್ಸರು ಹಾರ್ಮೋನು ಮಾತ್ರೆಗೆ ಬಗ್ಗುವ ಜಾತಿಯದಲ್ಲ. ಹಾಗಾಗಿ ಬೇರೊಂದು ಔಷಧಿಯನ್ನು ವಾರಕ್ಕೊಮ್ಮೆ, ಪ್ರತಿ ಶುಕ್ರವಾರ, ಹನ್ನೆರಡು ಸಲ ಏರಿಸಬೇಕು. ಆಮೇಲೆ ಐದು ವಾರ ವಿಕಿರಣ. ಆ ಔಷಧಿಗೆ ಬೆರಳ ತುದಿ ಮರಗಟ್ಟಿಸುವ ಗುಣವಿತ್ತು.

"ಮರಗಟ್ಟಿದ್ದು ವಾಪಸ್ ಸರಿಹೋಗುತ್ತಾ?" ಬೆರಳಕ್ಕ ಕೇಳಿದಳು. ಜೊತೆಗೆ ಬಂದಿದ್ದ ಅತ್ತೆ ಪಕ್ಕದ ಕುರ್ಚಿಯಲ್ಲಿದ್ದರು.

"ಸುಮಾರು ಜನಕ್ಕೆ ತಿಂಗಳುಗಟ್ಟಲೆ ಆದ ಮೇಲೆ ಹೋಗುತ್ತೆ. ಕೆಲವರಿಗೆ ಪೂರ್ತಿ ಹೋಗಲ್ಲ. ಅಂಗಿ ಗುಂಡಿ ಹಾಕೋಕೆ ತೊಂದರೆ ಆದ ತಕ್ಷಣ ಹೇಳಿ. ಪ್ರಮಾಣ ಇಳಿಸ್ತೀವಿ, ಬೇಕಾದರೆ ನಿಲ್ಲಿಸ್ತೀವಿ."

"ಗುಂಡಿ ಹಾಕೋಕೆ ಆಗದ ಹೊತ್ತಿಗೆ ನನ್ನ ಕೆಲಸ ಹೋಗಿ ಆರು ವಾರ ಆಗಿರುತ್ತೆ ಡಾಕ್ಟ್ರೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವಳ ಕೆಲಸ ಏನೆಂದು ಆವತ್ತೇ ಮೊದಲು ವಿವರವಾಗಿ ಕೇಳಿದರು. ಗುಂಡಿಗಿಂತ ಸೂಕ್ಷ್ಮವಾದ ಅಳತೆ ಆಸ್ಪತ್ರೆಯಲ್ಲಿಲ್ಲ, ನೀವೇ ಒಂದು ದಾರಿ ಹುಡುಕಿ, ಪ್ರತಿ ವಾರ ನನಗೆ ತಿಳಿಸಿ ಎಂದರು.

ದಾರಿ ಹುಡುಕಿದವನು ಗಿರಣಿಯ ಮೇಸ್ತ್ರಿ. ಕೈಯಗಲದ ಬಟ್ಟೆಪಟ್ಟಿಯಲ್ಲಿ ತನಗಿಷ್ಟ ಬಂದಷ್ಟು ಗಂಟು ಹಾಕಿಸುತ್ತಿದ್ದ. ಎಷ್ಟೆಂದು ಚೀಟಿಯಲ್ಲಿ ಬರೆದು ಮಡಿಸಿ ಕಳಿಸುತ್ತಿದ್ದ. ಪ್ರತಿ ಗುರುವಾರ ಸಂಜೆ ಹೊಸ ಪಟ್ಟಿ. ಬೆರಳಕ್ಕ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹಾಸಿ, ಕಣ್ಣಿಗೆ ಟವೆಲು ಕಟ್ಟಿಕೊಂಡು ಸವರಿ ಎಣಿಕೆ ಹೇಳಬೇಕು. ಚೀಟಿ ಬಿಚ್ಚಿ ನೋಡುವ ಅಧಿಕಾರ ಅತ್ತೆಯದು.

"ಒಂಬತ್ತು" ಎನ್ನುತ್ತಿದ್ದಳು ಸೊಸೆ.

"ಒಂಬತ್ತೇ. ಪಾಸು. ಏಳು, ಮೇಜು ಖಾಲಿ ಮಾಡು, ಟೀ ಲೋಟ ಇಡೋಕೆ ಜಾಗ ಇಲ್ಲ."

ಆರು ವಾರ ಹೀಗೆ ಸಾಗಿತು. ಕೂದಲು ಮತ್ತೆ ಹೋಯಿತು, ನಾಲಿಗೆಗೆ ಎಲ್ಲವೂ ತಗಡಿನ ರುಚಿ, ಮೆಟ್ಟಿಲು ಹತ್ತಿದರೆ ಮಂಡಿ ಮಾತು ಕೇಳುತ್ತಿರಲಿಲ್ಲ. ಆದರೆ ಬೆರಳು ನೆಟ್ಟಗಿತ್ತು. ಏಳನೇ ವಾರ ಬಟ್ಟೆಯ ಮೇಲೆ ತೆಳುವಾಗಿ ಹಿಟ್ಟು ಉದುರಿಸಿದಂತೆ ಅನ್ನಿಸಿತು. ಹನ್ನೊಂದು ಎಂದಳು. ಅತ್ತೆ ಚೀಟಿ ನೋಡಿ ಪಾಸು ಎಂದರು. ಎಂಟನೇ ವಾರವೂ ಹನ್ನೊಂದು, ಆಗಲೂ ಪಾಸು. ಹಿಟ್ಟಿನ ಮಾತು ಮನಸ್ಸಿನ ಭ್ರಮೆ ಅಂದುಕೊಂಡಳು.

ಒಂಬತ್ತನೇ ಗುರುವಾರ ಪಟ್ಟಿ ಹಿಡಿದು ಮೇಸ್ತ್ರಿಯೇ ಮನೆಗೆ ಬಂದ. ಟೀ ಕುಡಿಯುತ್ತಾ ಕೇಳಿದ: "ಹೋದ ವಾರ ಸ್ವಲ್ಪ ಜಾಸ್ತಿ ತುಂಬಿಬಿಟ್ಟೆ. ಹದಿನಾಲ್ಕು. ಕಷ್ಟ ಆಯ್ತಾ ಅಕ್ಕ?"

ಒಳಗೆ ಅತ್ತೆ ಪಾತ್ರೆ ತೊಳೆಯುತ್ತಿದ್ದ ನಲ್ಲಿಯ ಸದ್ದು ನಿಂತಿತು.

ಬೆರಳಕ್ಕ "ಪರವಾಗಿಲ್ಲ" ಎಂದಳು. ಮೇಸ್ತ್ರಿ ಲೋಟ ಇಟ್ಟು ಹೋಗುವವರೆಗೂ ಗಿರಣಿಯ ಸಮಾಚಾರ ಕೇಳುತ್ತಾ ಕೂತಳು. ಬಾಗಿಲು ಹಾಕಿಕೊಂಡು ಒಳಗೆ ಬಂದಳು.

"ಅತ್ತೆ, ಹೋದ ವಾರದ ಚೀಟೀಲಿ ಎಷ್ಟಿತ್ತು?"

"ಯಾರಿಗೆ ನೆನಪಿರುತ್ತೆ?"

"ಅದರ ಹಿಂದಿನ ವಾರ?"

"ನನಗೆ ಎಪ್ಪತ್ತೆಂಟು ಕಣೇ. ನೀನೇನು ಕೋರ್ಟಿಗೆ ಎಳೀತಿದ್ದೀಯಾ?"

ಸೊಸೆ ಕೈ ಚಾಚಿಕೊಂಡು ನಿಂತೇ ಇದ್ದಳು. ಅತ್ತೆ ಸೀರೆಗೆ ಕೈ ಒರೆಸಿಕೊಂಡು ಕನ್ನಡಕದ ಡಬ್ಬಿ ತೆರೆದು, ತಳದಲ್ಲಿ ಮಡಿಸಿಟ್ಟಿದ್ದ ಎರಡು ಚೀಟಿ ಕೊಟ್ಟರು. ಒಂದರಲ್ಲಿ ಹನ್ನೆರಡು. ಇನ್ನೊಂದರಲ್ಲಿ ಹದಿನಾಲ್ಕು.

"ಬೆರಳು ಹೋದರೆ ಔಷಧಿ ನಿಲ್ಲಿಸ್ತೀವಿ ಅಂತ ಆ ಡಾಕ್ಟ್ರಮ್ಮ ನನ್ನೆದುರಿಗೇ ಹೇಳಿದ್ದು" ಎಂದರು ಅತ್ತೆ. "ನನಗೆ ಸೊಸೆ ಬೇಕಮ್ಮ. ಬರೀ ಬೆರಳು ಇಟ್ಕೊಂಡು ನಾನೇನು ಮಾಡ್ಲಿ?"

"ಬೆರಳು ನಂದು."

"ಪ್ರಾಣ?"

"ಅದೂ ನಂದೇ."

ಅತ್ತೆಯ ಮೇಲೆ ಕೂಗಾಡಬೇಕೆಂದು ಬಾಯಿ ತೆರೆದವಳಿಗೆ ತಾನೇ ಹನ್ನೊಂದು ವಾರ ಬಾಯಿ ಬಿಡದೆ ಕೂತದ್ದು ಅಡ್ಡ ಬಂತು. ರಾತ್ರಿ ಗಂಡ ಬಂದಾಗ ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಹೇಳಿದರು. ಅವನು ಬೂಟಿನ ದಾರ ಬಿಚ್ಚುತ್ತಾ ಪೂರ್ತಿ ಕೇಳಿಸಿಕೊಂಡ.

"ಅಮ್ಮ, ಲಿಫ್ಟಿನ ಹಗ್ಗದಲ್ಲಿ ಎಷ್ಟು ಎಳೆ ತುಂಡಾಗಿದೆ ಅಂತ ನಾವು ಎಣಿಸಿ ಬರೀತೀವಿ. ಎರಡು ಕಡಿಮೆ ಬರೆದರೆ ಹಗ್ಗ ಗಟ್ಟಿ ಆಗಿಬಿಡಲ್ಲ."

"ನಿನ್ನ ಹೆಂಡತಿ ಏನು ಲಿಫ್ಟಾ?" ಎಂದು ಅತ್ತೆ ಗದರಿಸಿದರು. ಆದರೆ ಸೊಸೆ ಆವತ್ತಿನ ಪಟ್ಟಿ ಸವರಿ ಮುಗಿಸಿದ ಮೇಲೆ ಅದರ ಚೀಟಿಯನ್ನು ತಾವೇ ಬಿಚ್ಚಿ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಅದರಲ್ಲಿ ಹತ್ತು ಎಂದಿತ್ತು. ಸೊಸೆಗೆ ಸಿಕ್ಕಿದ್ದು ಏಳು.

ಮಾರನೇ ದಿನ ಮೂರೂ ಚೀಟಿ ಡಾಕ್ಟರಮ್ಮನ ಮೇಜಿನ ಮೇಲಿದ್ದವು. ಒಂಬತ್ತನೇ ಸಲದ ಔಷಧಿಯನ್ನು ಒಂದು ವಾರ ಮುಂದಕ್ಕೆ ಹಾಕಿ, ಅಲ್ಲಿಂದ ಮುಂದಕ್ಕೆ ಪ್ರಮಾಣ ಇಳಿಸಿ ನೋಡೋಣ ಎಂದರು.

"ನಿಲ್ಲಿಸಿದರೆ ಅದು ಮತ್ತೆ ಬರುತ್ತಾ?"

"ಹನ್ನೆರಡೂ ಕೊಟ್ಟರೂ ಬರಲ್ಲ ಅಂತ ನಾನು ಬರೆದುಕೊಡೋಕೆ ಆಗಲ್ಲ. ಕೊನೇ ಒಂದೆರಡು ಬಿಟ್ಟರೆ ಎಷ್ಟು ನಷ್ಟ ಅಂತ ಖಚಿತವಾಗಿ ಹೇಳೋಕೂ ಆಗಲ್ಲ. ದೊಡ್ಡ ಪಾಲು ಒಳಗೆ ಹೋಗಿದೆ. ಬೆರಳು ಪೂರ್ತಿ ಹೋದರೆ ಮಾತ್ರ ನಷ್ಟ ಎಷ್ಟು ಅನ್ನೋದು ನಿಮಗೇ ಗೊತ್ತು."

ಕಡಿಮೆ ಪ್ರಮಾಣದಲ್ಲಿ ಇನ್ನೂ ಮೂರು ಶುಕ್ರವಾರ ತೆಗೆದುಕೊಂಡಳು. ಹನ್ನೊಂದನೆಯದರ ನಂತರದ ಪಟ್ಟಿಯಲ್ಲಿ ಹದಿಮೂರಕ್ಕೆ ಎಂಟು ಸಿಕ್ಕಿದವು. ಹನ್ನೆರಡನೆಯದು ಬೇಡ ಎಂದಳು. ಡಾಕ್ಟರಮ್ಮ ಒಪ್ಪಿ, ಇದು ನಮ್ಮಿಬ್ಬರ ತೀರ್ಮಾನ ಎಂದು ಫೈಲಿನಲ್ಲಿ ಬರೆದರು. ಅತ್ತೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ದಿನ, "ಉಪ್ಪು ಎಲ್ಲಿಟ್ಟಿದ್ದೀಯ?" ಎಂದರು. ಉಪ್ಪು ಅವರ ಕಣ್ಣೆದುರಿಗೇ ಇತ್ತು.

ವಿಕಿರಣದ ಇಪ್ಪತ್ತೈದು ದಿನಗಳಲ್ಲಿ ಎದೆಯ ಚರ್ಮ ಇಸ್ತ್ರಿಪೆಟ್ಟಿಗೆ ತಗುಲಿದಂತೆ ಕಂದಿ, ಸುಲಿದು, ಮಾಗಿತು. ಬೆರಳು ಆಮೇಲೂ ಒಂದು ತಿಂಗಳು ಇಳಿಮುಖವಾಗಿಯೇ ಇತ್ತು. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರು. ಹೇಳಿದ್ದರಿಂದ ಸಮಾಧಾನವೇನೂ ಆಗಲಿಲ್ಲ. ಗಿರಣಿಗೆ ಹೋದ ಮೊದಲ ದಿನ ತನ್ನ ಹಳೆಯ ಮೇಜಿಗೆ ಕೂತು ಸೂಟಿನ ಬಟ್ಟೆ ಸವರಿದಳು. ನಡುಹೊತ್ತಿಗೆ ಮೇಸ್ತ್ರಿ ಬಟ್ಟೆಯ ಹಿಂದೆ ದೀಪ ಹಿಡಿದು ನೋಡಿದ. ತಪ್ಪಿಹೋಗಿದ್ದ ಗಂಟುಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಅವಳೇ ಎದ್ದು, "ನನಗೆ ಕೋಟಿನ ಬಟ್ಟೆ ಕೊಡು" ಎಂದಳು. ಚಳಿಗಾಲದ ಕೋಟಿಗೆ ನೇಯುವ ದಪ್ಪ ಉಣ್ಣೆಯದು ಹೊಸದಾಗಿ ಸೇರಿದ ಹುಡುಗಿಯರಿಗೆ ಕೊಡುವ ಕೆಲಸ.

"ಅಕ್ಕ, ಅದು ಕಂಬಳಿ ಥರ ಇರುತ್ತೆ."

"ಇರಲಿ. ಅದು ಸಿಗುತ್ತೆ ನನಗೆ."

ಚಿಕಿತ್ಸೆ ಮುಗಿದು ಈಗ ಏಳು ತಿಂಗಳು. ತೋರುಬೆರಳು ಇನ್ನೂ ಮಂಕು. ಉಂಗುರದ ಬೆರಳು, ಕಿರುಬೆರಳು ಸಾಕಷ್ಟು ಚೇತರಿಸಿಕೊಂಡಿವೆ. ಅವೆರಡರಲ್ಲೇ ಸವರುವುದನ್ನು ರೂಢಿಸಿಕೊಂಡಿದ್ದಾಳೆ. ಕೈ ಓರೆಯಾಗಿ ಹೋಗುತ್ತದೆ, ಕಣ್ಣು ತೆರೆದಿರುತ್ತದೆ. ಸೂಟಿನ ಬಟ್ಟೆ ಈಗ ಪಕ್ಕದ ಮೇಜಿನವಳದು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆ. ಎರಡು ತಪಾಸಣೆ ಮುಗಿದಿವೆ, ಎರಡರಲ್ಲೂ ಏನೂ ಕಂಡಿಲ್ಲ.

ನಡುವಿನ ತಿಂಗಳುಗಳಲ್ಲಿ ತೇಪೆಯ ಸುತ್ತ ಮನೆಯಲ್ಲೇ ಮುಟ್ಟಿ ನೋಡಿಕೊಳ್ಳುತ್ತಿರಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ. ವಿಕಿರಣ ಬಿದ್ದ ಜಾಗ ತೊಗಲಿನಂತೆ ಬಿರುಸು, ತೋರುಬೆರಳು ಮಂಕು. ತನ್ನ ಕೈಯನ್ನು ಅವಳು ಈ ಒಂದು ಕೆಲಸಕ್ಕೆ ನಂಬುವುದಿಲ್ಲ. ಗಂಡನ ಕೈ ಗ್ರೀಸು ಮೆತ್ತಿ ಮೆತ್ತಿ ಸುತ್ತಿಗೆಯ ಹಿಡಿಯಂತಾಗಿದೆ. ಉಳಿದವರು ಅತ್ತೆ.

ಹೊಸಬರಿಗೆ ಕಲಿಸುವ ಹಾಗೆಯೇ ಶುರು ಮಾಡಿದಳು. ಉಗುರು ಕತ್ತರಿಸಬೇಕು, ಕೈ ಬೆಚ್ಚಗಿರಬೇಕು, ಒತ್ತಬಾರದು, ತೇಲಿಸಬೇಕು. ಮೇಸ್ತ್ರಿ ಕಳಿಸಿದ ಪಟ್ಟಿ ಮೇಜಿನ ಮೇಲೆ, ಟವೆಲು ಅತ್ತೆಯ ಕಣ್ಣಿಗೆ, ಚೀಟಿ ಸೊಸೆಯ ಕೈಯಲ್ಲಿ.

"ಆರು" ಎಂದರು ಅತ್ತೆ.

"ಹತ್ತಿದೆ ಅತ್ತೆ."

"ಸುಳ್ಳು."

"ಟವೆಲು ತೆಗೆದು ನೋಡ್ಕೊಳ್ಳಿ."

ಅತ್ತೆ ಟವೆಲು ತೆಗೆಯಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡು, ಪಟ್ಟಿಯ ಮೊದಲ ಅಂಚನ್ನು ಮತ್ತೆ ತಡಕಾಡಿ ಹುಡುಕಿದರು.