ಕಾಗೆ ಎತ್ತಿಕೊಂಡ ವಡೆ

ಮೊನ್ನೆ ಮದ್ದೂರು ಸ್ಟೇಷನ್ನಿನಲ್ಲಿ ರೈಲಿಳಿದು, ಎಲೆಯಲ್ಲಿ ಕಟ್ಟಿಸಿಕೊಂಡ ಬಿಸಿ ವಡೆಯನ್ನು ಇನ್ನೇನು ಬಾಯಿಗಿಡಬೇಕು, ಎಲ್ಲಿತ್ತೋ ಏನೋ ಒಂದು ಕಾಗೆ ರಪ್ಪನೆ ಎರಗಿ ಅದನ್ನು ಎತ್ತಿಕೊಂಡು ಹೋಗಿ ಸಿಗ್ನಲ್ ಕಂಬದ ಮೇಲೆ ಕೂತಿತು. ಸುತ್ತ ಇದ್ದವರೆಲ್ಲ ನಕ್ಕರು. ನನಗೆ ಕೋಪ ಬರಬೇಕಾಗಿತ್ತು. ನಾನು ಎಷ್ಟು ಸಣ್ಣ ವಿಷಯಕ್ಕೂ ಜಗಳಕ್ಕೆ ನಿಲ್ಲುವ ಪೈಕಿ. ಬರಲಿಲ್ಲ. ಇನ್ನೊಂದು ವಡೆ ಕೊಂಡು, ಮಳವಳ್ಳಿ ಬಸ್ಸಿಗೆ ಕಾಯುತ್ತಾ, ಆ ಕಾಗೆ ತಿಂದು ಮುಗಿಸುವವರೆಗೂ ಅದನ್ನೇ ನೋಡುತ್ತಾ ನಿಂತೆ. ಯಾಕೆಂದು ಹೇಳುತ್ತೇನೆ. ಬಸ್ಸು ಹೇಗೂ ಹೇಳಿದ ಹೊತ್ತಿಗೆ ಬರುವುದಿಲ್ಲ.

ಮೊದಲು ನನ್ನ ವಿಷಯ ಗೊತ್ತಿರಲಿ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ನನ್ನ ಹೆಸರು ಮೊದಲು. ಯಾವ ಪಕ್ಷ ಕೊಟ್ಟರೂ ಸರಿ, ಎದುರಿನವನ ಮಾತಿನಲ್ಲಿ ಬಿರುಕು ಹುಡುಕಿ ಬೆರಳು ಹಾಕಿ ಅಗಲ ಮಾಡುವುದು ನನ್ನ ಕಸುಬು. ಇದರಿಂದ ನನಗೆ ಒಂದೆರಡು ಬೆಳ್ಳಿ ಬಟ್ಟಲು ಬಂದಿವೆ, ಸ್ನೇಹಿತರು ಕಡಿಮೆಯಾಗಿದ್ದಾರೆ. ನಮ್ಮ ಅಜ್ಜಿ ಊರಿನವರಿಗೆ ನನ್ನ ಓದನ್ನು ವಿವರಿಸುವುದು ಹೀಗೆ: "ನಮ್ ಮಗ ಮೈಸೂರಲ್ಲಿ ಕೂಗಾಡಾದು ಕಲೀತಾವ್ನೆ ಕಣಮ್ಮ. ಅದಕ್ಕೂ ಇಸ್ಕೂಲು ಮಡಗವ್ರೆ."

ಇಂಥ ನಾನು ಒಂದು ಬಟ್ಟಲು ಗೆದ್ದದ್ದು, ಕೂಲಿಗೆ ಬಂದೂಕು ಹಿಡಿದವನಿಗೆ ದೇಶ ಗೌರವ ಸಲ್ಲಿಸಬೇಕಾಗಿಲ್ಲ ಎಂದು ವಾದಿಸಿ. ಯುದ್ಧದ ಕಾಲ. ಖಾದಿ ಅಂಗಿ ತೊಟ್ಟು, ಬಿಳಿಯರ ಸೈನ್ಯಕ್ಕೆ ಸೇರಿದವರನ್ನು ಅರ್ಧ ಗಂಟೆಯಲ್ಲಿ ಹಣ್ಣುಗಾಯಿ ನೀರುಗಾಯಿ ಮಾಡಿದ್ದೆ. ಕೇಳುತ್ತಿದ್ದವರಿಗೆ ಗೊತ್ತಿರಲಿಲ್ಲ, ನಮ್ಮ ಮನೆಯಿಂದಲೇ ಒಬ್ಬರು ಹೋಗಿದ್ದರು ಎಂದು. ನನ್ನ ಚಿಕ್ಕಪ್ಪ, ತಿಮ್ಮೇಗೌಡ.

ಚಿಕ್ಕಪ್ಪ ಸೈನ್ಯ ಸೇರಿದ್ದು ಯಾರಿಗೂ ಹೇಳಿ ಅಲ್ಲ. ಮಂಡ್ಯದ ಕಾರ್ಖಾನೆಗೆ ಕಬ್ಬು ಹಾಕಿ ಬರಲು ಗಾಡಿ ಕಟ್ಟಿಕೊಂಡು ಹೋದರು. ಸಾಯಂಕಾಲ ಗಾಡಿ ಬಂತು, ಎತ್ತು ಬಂದವು, ಚಿಕ್ಕಪ್ಪ ಬರಲಿಲ್ಲ. ಗಾಡಿ ಹೊಡೆದುಕೊಂಡು ಬಂದ ಪಕ್ಕದ ಮನೆಯವನು ಬಾಗಿಲಲ್ಲೇ ನಿಂತು, "ಅಜ್ಜಿ, ಬಯ್ಯಬ್ಯಾಡ. ತಿಮ್ಮಣ್ಣ ಮಿಲ್ಟ್ರಿಗೆ ಸೇರ್ಕೊಂಡ್ಬುಟ್ಟ," ಎಂದ. ಅಲ್ಲಿ ಯಾರದೋ ಎತ್ತು ಲಾರಿಯ ಸದ್ದಿಗೆ ಬೆದರಿ ನುಗ್ಗಿದಾಗ ಚಿಕ್ಕಪ್ಪ ಓಡಿ ಹೋಗಿ ಮೂಗುದಾರ ಹಿಡಿದು ನಿಲ್ಲಿಸಿದರಂತೆ. ಆಳು ಸೇರಿಸಿಕೊಳ್ಳಲು ಬಂದಿದ್ದ ಸರದಾರನೊಬ್ಬ ಅದನ್ನು ನೋಡಿ ಬೆನ್ನು ತಟ್ಟಿದನಂತೆ. ಬೆನ್ನು ತಟ್ಟಿದವರ ಹಿಂದೆ ಹೋಗುವುದು ಚಿಕ್ಕಪ್ಪನ ಸ್ವಭಾವ. ಆಗಿನ್ನೂ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಚಿಕ್ಕಮ್ಮ ಒಳಗೆ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ಅಷ್ಟೇ.

ಒಂದು ಸಲ ರಜೆಯಲ್ಲಿ ಬಂದು ಹೋದರು. ಆಮೇಲೆ ಹಡಗು ಹತ್ತಿಸಿದರು. ಆಮೇಲೆ ಸಿಂಗಪುರ ಬಿತ್ತು, ಸುದ್ದಿ ನಿಂತಿತು. ಇದ್ದಾರೆ ಎಂದು ಹೇಳುವವರಿಲ್ಲ, ಇಲ್ಲ ಎಂದು ಹೇಳುವವರೂ ಇಲ್ಲ. ಹೀಗೆ ಎರಡು ವರ್ಷದ ಮೇಲಾಯಿತು.

ಪಿತೃಪಕ್ಷ ಬಂತು. ನಮ್ಮ ಕಡೆ ಆ ಹದಿನೈದು ದಿನದಲ್ಲೊಂದು ದಿನ ತೀರಿಹೋದವರಿಗೆಲ್ಲ ಎಡೆ ಇಡುತ್ತಾರೆ. ಅವರವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಎಲೆಗೆ ಬಡಿಸಿ, ಒಂದು ಪಾಲನ್ನು ಹೊರಗೆ ಕಾಗೆಗೆ ಇಡುತ್ತಾರೆ. ಕಾಗೆ ಮುಟ್ಟಿದರೆ ಹಿರಿಯರು ಉಂಡರು ಎಂದು ಲೆಕ್ಕ. ಆ ವರ್ಷ ಅಜ್ಜಿ ತಾತನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದಳು. ನಾನು ರಜೆಗೆ ಬಂದಿದ್ದೆ, ಎಗರಿಬಿದ್ದೆ.

"ಅಜ್ಜಿ, ಚಿಕ್ಕಪ್ಪ ಸತ್ತಿದ್ದಾರೆ ಅಂತ ನಿಂಗ್ಯಾರು ಹೇಳಿದ್ರು?"

"ಬದುಕವ್ನೆ ಅಂತ ನಿಂಗ್ಯಾರ್ಲಾ ಏಳಿದ್ರು?" ಎಂದಳು. "ಕೇಳು. ಅವ್ನು ಬದುಕಿದ್ರೆ ಒಂದೆಲೆ ಅನ್ನ ದಂಡ ಆಯ್ತದೆ, ಓಗ್ಲಿ ಬುಡು. ಸತ್ತಿದ್ರೆ? ಎರಡು ವರ್ಸದಿಂದ ಅಸ್ಕೊಂಡು ಬೀದೀಲಿ ನಿಂತಿರ್ತಾನೆ ನನ್ ಮಗ."

ಸಭಾಪತಿಗಳೇ, ಈ ವಾದವನ್ನು ಗಮನಿಸಬೇಕು. ಎಷ್ಟು ಪುಸ್ತಕ ತಿರುವಿದರೂ ಇಷ್ಟು ಬಿಗಿಯಾದ ಎರಡು ಕವಲಿನ ತರ್ಕ ಸಿಗುವುದು ಕಷ್ಟ. ಆದರೆ ಅದರಲ್ಲೊಂದು ತೂತಿತ್ತು. ಅದು ಅವಳಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಕಾಗೆ ಮುಟ್ಟಿಬಿಟ್ಟರೆ?

ಮುಟ್ಟಿತು. ಚಿಕ್ಕಪ್ಪನಿಗೆ ಕಜ್ಜಾಯವೆಂದರೆ ಪ್ರಾಣ. ಅಜ್ಜಿ ಅದನ್ನೇ ಎಲೆಯ ನಡುವೆ ಪೇರಿಸಿದ್ದಳು. ಕಾಗೆ ಬಂದು ಕಜ್ಜಾಯದ ಸುತ್ತ ಒಂದು ಸುತ್ತು ಕುಪ್ಪಳಿಸಿ, ಅದಕ್ಕೆ ಕೊಕ್ಕು ಕೂಡ ತಾಕಿಸದೆ, ಅಂಚಿನಲ್ಲಿದ್ದ ವಡೆ ಎತ್ತಿಕೊಂಡು ಹಾರಿತು. ಅಜ್ಜಿ ಅದು ಹೋದ ದಿಕ್ಕನ್ನೇ ನೋಡಿದಳು. "ಉಂಡ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಕಜ್ಜಾಯ ಮುಟ್ನಿಲ್ಲ. ನನ್ ಮ್ಯಾಲೆ ಮುನಿಸ್ಕೊಂಡವ್ನೆ." ಸಂಜೆ ಹೊತ್ತಿಗೆ ಚಿಕ್ಕಮ್ಮನ ಕೈ ಬರಿದಾಗಿತ್ತು. ಒಂದು ಹಕ್ಕಿಯ ಸಾಕ್ಷಿಯ ಮೇಲೆ ಒಬ್ಬ ಹೆಂಗಸು ವಿಧವೆಯಾದಳು. ನಾನು ಕೂಗಾಡಿದೆ. ನನ್ನ ಕೂಗಾಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದೇ ಕಸುಬಲ್ಲವೇ.

ಯುದ್ಧ ಮುಗಿದ ಮೇಲೆ, ಸುಗ್ಗಿ ಕಳೆದು ಆಲೆಮನೆಗಳಲ್ಲಿ ಬೆಲ್ಲ ಕುದಿಯುತ್ತಿದ್ದ ದಿನಗಳಲ್ಲಿ, ಮಧ್ಯಾಹ್ನದ ಹೊತ್ತು ನಮ್ಮ ಬಾಗಿಲ ಮುಂದೆ ಒಬ್ಬ ಬಂದು ನಿಂತ. ಬೇರೆಯವನದು ಎನ್ನುವಷ್ಟು ದೊಗಲೆ ಖಾಕಿ ಅಂಗಿ, ಒಳಗೆ ಮೂಳೆ. "ಅವ್ವಾ," ಎಂದ.

ಅಜ್ಜಿ ಮೊರ ಹಿಡಿದು ಹೊರಗೆ ಬಂದವಳು ನಿಂತ ಕಡೆಯೇ ನಿಂತಳು. ರಾಗಿ ಒಂದೊಂದೇ ಕಾಳು ಮೊರದಿಂದ ಉದುರುತ್ತಿತ್ತು. ಮಗನ ಕಡೆ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಊರ ಯಜಮಾನ ಕೆಂಚೇಗೌಡರ ಗಂಟಲು ಕೇಳಿಸಿತು.

"ಅಕ್ಕಯ್ಯ, ಒಸ್ಲು ದಾಟಿಸ್ಬ್ಯಾಡ. ಎಡೆ ಇಕ್ಕಿದ್ದೀಯೆ, ಕಾಗೆ ಮುಟ್ಬುಟ್ಟದೆ. ಸತ್ತೋರ ಪಂಕ್ತಿಲಿ ಉಂಡೋನು ಬದುಕಿರೋರ ಮನೇಲಿ ಉಂಡ್ರೆ ಅವನಿಗೇ ಆಗಾಕಿಲ್ಲ."

ಅವರು ಕೆಟ್ಟವರಲ್ಲ. ನಂಬಿದ್ದನ್ನು ಹೇಳಿದರು. ಅಜ್ಜಿಯೂ ಅದನ್ನೇ ನಂಬಿದ್ದಳು, ಕಷ್ಟವಿದ್ದದ್ದು ಅಲ್ಲೇ. ಒಳಗೆ ಕರೆದು ಒಂದು ಮುದ್ದೆ ಇಕ್ಕಿದರೆ, ಹೇಗೋ ಉಳಿದು ಬಂದ ಮಗ ಈಗ ನಿಜವಾಗಿಯೇ ಹೋಗಿಬಿಡುತ್ತಾನೆ ಎಂಬ ಹೆದರಿಕೆ. ಚಿಕ್ಕಪ್ಪ ಜಗಲಿಯ ಮೇಲೆ ಕೂತರು. ಬಾಗಿಲ ಸಂದಿಯಲ್ಲಿ ಚಿಕ್ಕಮ್ಮನ ಬರಿಗೈ ಕಾಣುತ್ತಿತ್ತು.

ನನಗೆ ಇದಕ್ಕಿಂತ ಒಳ್ಳೆಯ ವೇದಿಕೆ ಸಿಕ್ಕಿರಲಿಲ್ಲ. ಶುರು ಮಾಡಿದೆ. "ಗೌಡ್ರೇ, ಕಾಗೆಗೆ ನಮ್ಮ ಚಿಕ್ಕಪ್ಪನ ಗುರುತು ಹೇಗೆ ಸಿಕ್ತು? ಮನುಷ್ಯ ಕಣ್ಣೆದುರಿಗೆ ಉಸಿರಾಡ್ತಾ ಕೂತಿದ್ದಾನೆ. ಇವನ ಸಾಕ್ಷಿ ದೊಡ್ಡದೋ, ಕಾಗೆ ಸಾಕ್ಷಿ ದೊಡ್ಡದೋ?"

"ಕಾಗೆ ಸುಳ್ಳು ಏಳ್ತದೇನ್ಲಾ?"

"ಅದು ನಿಜಾನೂ ಹೇಳಲ್ಲ, ಸುಳ್ಳೂ ಹೇಳಲ್ಲ. ಅದಕ್ಕೆ ಹಸಿವು!"

"ಅಂಗಾರೆ ನಿಮ್ ತಾತ ಉಂಡಿದ್ದೂ ಸುಳ್ಳಾ? ನಮ್ಮಪ್ಪ ಉಂಡಿದ್ದೂ ಸುಳ್ಳಾ? ಲೇ, ಊರಲ್ಲಿ ಸತ್ತೋರ್ನೆಲ್ಲ ಉಪಾಸ ಕೆಡವ್ತೀಯೇನ್ಲಾ ನೀನು?"

ಜನ ಸೇರಿದ್ದರು, ನಗು ಎದ್ದಿತು. ನನ್ನ ವಾದ ಸರಿಯಾಗಿತ್ತು, ಈಗಲೂ ಸರಿಯೇ. ಆದರೆ ಅದನ್ನು ಒಪ್ಪಿದರೆ ಅಜ್ಜಿ ಅಲ್ಲಿಯವರೆಗೆ ಪ್ರೀತಿಯಿಂದ ಇಟ್ಟ ಒಂದೊಂದು ಎಲೆಯೂ ಬರಿಯ ಕಾಗೆಗೆ ಇಟ್ಟದ್ದಾಗುತ್ತಿತ್ತು. ಮಗನನ್ನು ಒಳಗೆ ಕರೆಯಲು ಗಂಡನನ್ನು ಹಸಿವಿಗೆ ತಳ್ಳಬೇಕು. ಅಂಥ ವಾದವನ್ನು ಯಾರು ಒಪ್ಪುತ್ತಾರೆ?

ಅಜ್ಜಿ ಅಳುತ್ತಾ ಮಗನಿಗೇ ಹೇಳಿಕೊಂಡಳು. "ಏನ್ ಮಾಡ್ಲಪ್ಪಾ. ಕಣ್ಣಾರೆ ನೋಡ್ದೆ. ಒಂದು ರಾಸಿ ಕಜ್ಜಾಯ ಇಕ್ಕಿದ್ದೆ, ಅದ ಬುಟ್ಟು ವಡೆ ಎತ್ಕೊಂಡೋಯ್ತು."

ಚಿಕ್ಕಪ್ಪ ತಲೆ ಎತ್ತಿದರು.

"ವಡೆನಾ?"

"ಊಂ ಕಣಪ್ಪ."

"ಕಜ್ಜಾಯ ಮುಟ್ನೇ ಇಲ್ವಾ?"

"ಇಲ್ಲ ಕಣೋ."

ಅವರ ಮುಖದಲ್ಲಿ ಏನೋ ಸಡಿಲವಾಯಿತು. "ಅಂಗಾದ್ರೆ ಅವ್ನು ನಾನಲ್ಲ ಕಣವ್ವ. ಅವ್ನು ಸಿದ್ದ."

ಸಿದ್ದ ಯಾರು? ಹಲಗೂರಿನವನು. ಚಿಕ್ಕಪ್ಪನ ಜೊತೆಯಲ್ಲೇ ಮಂಡ್ಯದಲ್ಲಿ ಸೇರಿದ್ದವನು. ಹೊಸಬರನ್ನು ತುಂಬಿಕೊಂಡ ರೈಲು ಮದ್ದೂರಿನಲ್ಲಿ ನಿಂತಾಗ ಕಿಟಕಿಯಿಂದ ಕೈ ಹಾಕಿ ವಡೆ ಕೊಂಡನಂತೆ. ಒಂದೇ ತುತ್ತು ಕಚ್ಚಿದ್ದ. ರೈಲು ಜಗ್ಗಿ ಹೊರಟ ರಭಸಕ್ಕೆ ವಡೆ ಕೈಜಾರಿ ಪ್ಲಾಟುಫಾರಮ್ಮಿಗೆ ಬಿತ್ತು. ಜಪಾನಿನವರ ಸೆರೆಯಲ್ಲಿ, ಗಂಜಿಯೂ ಸರಿಯಾಗಿ ಸಿಗದ ಕಾಲದಲ್ಲಿ, ಇಬ್ಬರೂ ಸಂಜೆ ಕೂತು ಬಾಯಲ್ಲೇ ಅಡಿಗೆ ಮಾಡುತ್ತಿದ್ದರಂತೆ. ಚಿಕ್ಕಪ್ಪ ಪಾಕ ಕಾಯಿಸಿ ಕಜ್ಜಾಯ ತಟ್ಟುವರು. ಸಿದ್ದ ಮಾತ್ರ ದಿನವೂ ಆ ಬಿದ್ದ ವಡೆಯನ್ನೇ ಎತ್ತಿಕೊಂಡು ಧೂಳು ಕೊಡವಿ ತಿನ್ನುವನು.

"ಜ್ವರದಲ್ಲಿ ಓದ," ಎಂದರು ಚಿಕ್ಕಪ್ಪ. "ನಾನೇ ಮಣ್ಣು ಆಕ್ದೆ. ಊರಿಗೋಗಿ ನನ್ನ ಸಾಕಿದ್ ಅತ್ತೆಗೆ ಏಳು ಅಂದಿದ್ದ. ಇವತ್ತು ಬೆಳಿಗ್ಗೆ ಅಲಗೂರಿಗೆ ಓಗಿ ಬತ್ತಾ ಇವ್ನಿ. ಅತ್ತೆನೂ ಇಲ್ಲ, ಮನೆನೂ ಬಿದ್ದೋಗದೆ. ಅವನಿಗೆ ಎಡೆ ಇಕ್ಕೋರು ಯಾರವ್ರೆ? ಯಾರೂ ಇಲ್ಲ. ಅದಕ್ಕೇ ನಮ್ಮನೆ ಉಡುಕ್ಕೊಂಡು ಬಂದವ್ನೆ."

ಕೆಂಚೇಗೌಡರು ಗಡ್ಡ ಕೆರೆದುಕೊಂಡರು. "ಅವ್ನು ಓಗಿದ್ದು ಯಾವಾಗ? ಎಡೆಗಿಂತ ಮುಂಚೇನಾ?"

"ಮುಂಚೇನೇ. ದಿನ ಕೇಳಬ್ಯಾಡಿ ಗೌಡ್ರೇ. ಅಲ್ಲಿ ನಮಗೆ ಅಮಾಸೆ ಹುಣ್ಣಿಮೆ ಎಲ್ಲಾ ಒಂದೇ ಆಗಿತ್ತು."

ಈಗ ನನ್ನ ಸ್ಥಿತಿ ನೋಡಿ. ನಾಲಿಗೆಯ ತುದಿಯಲ್ಲಿ ಪ್ರತಿವಾದ ಸಿದ್ಧವಾಗಿ ಕೂತಿತ್ತು. ಕಾಗೆ ಯಾವಾಗಲೂ ವಡೆಯನ್ನೇ ಎತ್ತುತ್ತದೆ. ಅದು ಹಗುರ, ಎಣ್ಣೆ ವಾಸನೆ ಹೆಚ್ಚು, ಪಾಕದ ಕಜ್ಜಾಯ ಕೊಕ್ಕಿಗೆ ಅಂಟುತ್ತದೆ. ಇಡೀ ಮಂಡ್ಯ ಜಿಲ್ಲೆಯ ಕಾಗೆಗಳನ್ನು ಸಾಕ್ಷಿಗೆ ಕರೆಯಬಹುದಿತ್ತು. ಬಾಯಿ ತೆರೆದೆ. ಅಜ್ಜಿಯ ಮುಖ ನೋಡಿದೆ. ಮುಚ್ಚಿದೆ. ನನ್ನ ಜೀವಮಾನದಲ್ಲಿ ಗೆಲ್ಲಬಹುದಾಗಿದ್ದ ವಾದವನ್ನು ಹೇಳದೆ ನುಂಗಿದ್ದು ಅದೊಂದೇ.

"ಅದಕ್ಕೇ ಕಣ್ಲಾ ಕಜ್ಜಾಯ ಮುಟ್ನಿಲ್ಲ!" ಎಂದಳು ಅಜ್ಜಿ. ಮಗ ಮುನಿಸಿಕೊಂಡದ್ದಲ್ಲ, ಇಷ್ಟು ದಿನ ಅವಳನ್ನು ಕೊರೆಯುತ್ತಿದ್ದ ಆ ಮುನಿಸು ಇರಲೇ ಇಲ್ಲ. ಮೊರವನ್ನು ನನ್ನ ಕೈಗೆ ತುರುಕಿದಳು. "ಕಾಗೆ ಸರ್ಯಾಗೇ ಏಳ್ತು. ನಾವೇ ಎಸ್ರು ತಪ್ಪಿ ಕರೆದಿದ್ದು. ಏಳೋ ತಿಮ್ಮ, ಒಳೀಕ್ ಬಾ. ಕೆಂಚಣ್ಣ, ನೀನೂ ಬಾ, ಮುದ್ದೆ ಬೆಂದದೆ."

ಕೆಂಚೇಗೌಡರೂ ಬಂದರು. ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು ಉಂಡರು. ಮಾರನೆಯ ದಿನ ಬಳೆಗಾರ ಬಂದ.

ಆಮೇಲೊಂದು ದಿನ ಗದ್ದೆಯ ಬದುವಿನ ಮೇಲೆ ಕೂತು ಚಿಕ್ಕಪ್ಪನನ್ನು ಕೇಳಿಯೇಬಿಟ್ಟೆ: "ನಿಜವಾಗ್ಲೂ ಸಿದ್ದನೇ ಅಂತ ನಂಬಿದ್ರಾ, ಇಲ್ಲಾ ಒಳಗೆ ಬರೋಕೆ ಹೂಡಿದ ಉಪಾಯವಾ?"

"ಗೆಲ್ಲಾದೊಂದೇ ನಿಂಗೆ," ಎಂದು ನಕ್ಕರು. "ಅವ್ನು ಉಂಡ ಅಂದ್ರೆ ನಂಗೆ ಒಟ್ಟೆ ತುಂಬ್ತದೆ ಕಣ್ಲಾ. ಇನ್ನೇನು ಬೇಕು?"

ಆ ಬೆಳ್ಳಿ ಬಟ್ಟಲಿನ ವಿಷಯವನ್ನೂ ಅಂದೇ ಹೇಳಿದೆ. ಯಾವ ವಾದ ಮಾಡಿ ಗೆದ್ದೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಚಿಕ್ಕಪ್ಪ ಕೇಳಿಸಿಕೊಂಡು, "ಒಳ್ಳೇದಾಯ್ತು ಬುಡು," ಎಂದರು. "ಆದ್ರೆ ನಾವಿಬ್ರೂ ಬಂದೂಕೇ ಇಡೀನಿಲ್ವಲ್ಲೋ. ಮಿಲ್ಟ್ರಿ ಸಾಮಾನು ಒರೋ ಏಸರಗತ್ತೆ ಲಗಾಮು ಇಡ್ಕಂಡಿದ್ದೋ. ಅದಕ್ಕೇನಾರ ಬಟ್ಟಲು ಕೊಡ್ತಾರಾ ಕೇಳು."

ಈ ಆಗಸ್ಟಿನಲ್ಲಿ ಮದ್ದೂರಿನಲ್ಲಿ ಬಾವುಟ ಏರಿಸಿದಾಗ ಜೈಲಿಗೆ ಹೋಗಿ ಬಂದವರಿಗೆ ಹಾರ ಹಾಕಿದರು. ಹಾಕಬೇಕಾದದ್ದೇ. ಚಿಕ್ಕಪ್ಪ ಗುಂಪಿನ ಹಿಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಎಲ್ಲರಿಗಿಂತ ಜೋರಾಗಿ ಜೈಕಾರ ಹಾಕುತ್ತಾ ನಿಂತಿದ್ದರು. ಗಂಡಾದರೆ ಸಿದ್ದನ ಹೆಸರು ಎಂದು ಅವರು ಅಂದುಕೊಂಡಿದ್ದರು. ಹೆಣ್ಣಾಯಿತು. ಅಜ್ಜಿ ಬಿಡಲಿಲ್ಲ, ಸಿದ್ದಮ್ಮ ಎಂದು ಇಟ್ಟಳು. ಸಿದ್ದನಂಥವರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆಯ ಮೇಲೆ ನಾನಿನ್ನೂ ಎರಡು ಪಕ್ಷದಲ್ಲೂ ಮಾತಾಡಬಲ್ಲೆ. ಈ ಹೊಸ ಸರ್ಕಾರ ಏನು ಕೊಡುತ್ತದೋ ಕಾದು ನೋಡೋಣ. ಕೊಡುವವರು ನಮ್ಮವರೇ ಆದ್ದರಿಂದ ಕೇಳಲಾದರೂ ಬಾಯಿದೆ. ನಮ್ಮ ಅಜ್ಜಿ ಮಾತ್ರ ಕಾಯಲಿಲ್ಲ. ನೆಂಟನಲ್ಲದ, ಕಂಡೂ ಇರದ ಹಲಗೂರಿನ ಹುಡುಗನಿಗೆ ತಾತನ ಪಕ್ಕದಲ್ಲಿ ಖಾಯಂ ಜಾಗ ಕೊಟ್ಟಿದ್ದಾಳೆ.

ಬಸ್ಸು ಬಂತು, ನಾನು ಊರು ಸೇರಿದೆ. ಇವತ್ತು ಪಿತೃಪಕ್ಷದ ಎಡೆ. ಬೆಳಗಿನಿಂದ ಮನೆಯೆಲ್ಲ ಎಣ್ಣೆ ಬೆಲ್ಲದ ವಾಸನೆ. ಮಧ್ಯಾಹ್ನ ಅಜ್ಜಿ ಸಿದ್ದನ ಪಾಲಿನ ಎಲೆಯನ್ನು ನನ್ನ ಕೈಗೆ ಕೊಟ್ಟಳು. "ಓಗು, ಗೋಡೆ ಮ್ಯಾಲೆ ಇಕ್ಕಿ ಕೂಗು. ಮೈಸೂರಲ್ಲಿ ಅಷ್ಟು ಕೂಗ್ತೀಯಂತೆ, ಇಲ್ಲೊಸಿ ಕೂಗು." ಚಿಕ್ಕಪ್ಪ ಬಾಗಿಲಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದರು, ಕಾಗೆ ಬಂದರೂ ಬಾರದಿದ್ದರೂ ತಮಗೇನೂ ಅಲ್ಲ ಎನ್ನುವಂತೆ ನಿಲ್ಲಲು ನೋಡುತ್ತಾ.

ಎಲೆಯಲ್ಲಿ ಕಜ್ಜಾಯವೂ ಇತ್ತು, ವಡೆಯೂ ಇತ್ತು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಎರಡನ್ನೂ ಸಮದೂರದಲ್ಲಿ ಇಟ್ಟು ಪಕ್ಕಕ್ಕೆ ಸರಿದು ನಿಂತರೆ ಸಾಕು, ನನ್ನ ಹಳೆಯ ಅನುಮಾನ ಈ ಕಡೆಗೋ ಆ ಕಡೆಗೋ ತೀರಿಹೋಗುತ್ತಿತ್ತು. ತೆಂಗಿನ ಗರಿಯ ಮೇಲೆ ಒಂದು ಕಾಗೆ ಆಗಲೇ ಕತ್ತು ಕೊಂಕಿಸಿ ನೋಡುತ್ತಿತ್ತು.

ನಾನು ಕಜ್ಜಾಯವನ್ನು ಎಲೆಯ ಮಡಿಕೆಯ ಹಿಂದಕ್ಕೆ ತಳ್ಳಿದೆ. ವಡೆಯನ್ನು ಗೋಡೆಯ ಅಂಚಿಗೆ, ಕಾಗೆಯ ಕಣ್ಣಿಗೆ ನೇರ, ಮುಂದಕ್ಕೆ ಸರಿಸಿದೆ. ಆಮೇಲೆ ಎದೆ ತುಂಬ ಉಸಿರು ತೆಗೆದುಕೊಂಡು, ಯಾವ ಸ್ಪರ್ಧೆಯಲ್ಲೂ ಕೂಗದಷ್ಟು ಜೋರಾಗಿ ಕೂಗಿದೆ: "ಬಾರಪ್ಪಾ ಸಿದ್ದಣ್ಣಾ, ಬಿಸಿ ಆರೋದ್ರೊಳಗೆ ಬಾ!"