ಕರಿಯ ಒಪ್ಪಿದ ಚೀಲ

ಬಾಳೂರಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟು ವಸ್ತಾರೆ ಕಡೆಯ ತೋಟಕ್ಕೆ ಹೊರಟಾಗ ನನ್ನ ನಾಯಿ ಕರಿಯನನ್ನೂ ಬಸ್ಸಿನಲ್ಲೇ ಒಯ್ಯಬೇಕಿತ್ತು. 'ಸೀಟಿನಡಿ ಚೀಲದೊಳಗೆ ಸುಮ್ಮನೆ ಮಲಗೋದಾದ್ರೆ ಹತ್ತಿಸಿ' ಅಂದಿದ್ದರು ಕಂಡಕ್ಟರ್. ಮರದ ಪೆಟ್ಟಿಗೆ ಸೀಟಿನಡಿ ಹಿಡಿಯುವುದಿಲ್ಲ. ಹಾಗಾಗಿ ಕರಿಯನನ್ನೂ ಕರೆದುಕೊಂಡು ಮೂಡಿಗೆರೆಯಲ್ಲಿ ಜೀಪಿನ ಹುಡ್ ಹೊಲಿಯುವ ದರ್ಜಿಯ ಹತ್ತಿರ ಹೋದೆ.

ಅವರು ಕ್ಯಾನ್ವಾಸಿನಲ್ಲಿ ಪೆಟ್ಟಿಗೆಯಂಥದೇ ಚೀಲ ಹೊಲಿದು, ಎರಡು ಬದಿಗೆ ಸೊಳ್ಳೆಪರದೆಯ ಕಿಟಕಿ ಇಟ್ಟು, ಜಿಪ್ ಹಾಕಿದರು. ಕರಿಯ ಮೂಸಿ ನೋಡಿ ಹಿಂದೆ ಸರಿದ.

'ಮನೇಲಿ ಎಲ್ಲಿ ಮಲಗ್ತದೆ ಇದು?' ದರ್ಜಿ ಕೇಳಿದರು.

'ಗೋಡೌನಲ್ಲಿ, ಕಾಫಿ ಗೋಣಿ ಮೇಲೆ.'

'ಮತ್ತೆ ನನ್ನ ಹೊಸ ಬಟ್ಟೆ ಹೇಗೆ ಒಪ್ತದೆ ಮಾರಾಯ್ರೇ? ಅದೇ ಗೋಣಿ ಒಳಗೆ ಹಾಸಿ.'

ಮನೆಗೆ ಬಂದು ಹಾಸಿದೆ. ಕರಿಯ ಒಳಗೆ ಹೋಗಿ ಎರಡು ಸುತ್ತು ತಿರುಗಿ ಮಲಗೇಬಿಟ್ಟ.

ಹೊರಡುವ ದಿನ ಎಸ್ಟೇಟಿನ ಗೇಟಿನಲ್ಲಿ ವಾಚ್‌ಮನ್ ಶೇಷಪ್ಪ ಚೀಲಕ್ಕೆ ಕೈ ಅಡ್ಡ ಹಿಡಿದ.

'ಬಿಚ್ಚಿ ರೈಟ್ರೇ. ಕಾಫಿ ವಾಸನೆ ಬರ್ತದೆ.'

'ನಾಯಿ ಮಾರಾಯ ಒಳಗಿರೋದು! ಬಸ್ಸಿಗೆ ಹೊತ್ತಾಯ್ತು.'

'ನಾಯಿ ಇರ್ಲಿ. ನಾಯಿಯ ಅಡೀಲಿ ಏನುಂಟೋ?'

ಬೇರೆ ಯಾರಾದರೂ ಬರೆದ ರೂಲಾಗಿದ್ದರೆ ಜಗಳವಾಡುತ್ತಿದ್ದೆ. ಕುಯ್ಲಿನ ಸಮಯದಲ್ಲಿ ಯಾರ ಚೀಲವನ್ನೂ ಬಿಚ್ಚಿ ನೋಡದೆ ಹೊರಗೆ ಬಿಡಕೂಡದೆಂದು ಬರೆದು, ಆ ಗೇಟಿಗೇ ಅಂಟಿಸಿದವನು ನಾನು.

ಬಿಚ್ಚಿದೆ. ಶೇಷಪ್ಪ ಕರಿಯನನ್ನು ಮೆತ್ತಗೆ ಎತ್ತಿ ಪಕ್ಕಕ್ಕಿಟ್ಟು, ಗೋಣಿ ಕೊಡವಿದ. ನಾಲ್ಕು ಕಾಫಿ ಬೀಜ ಉದುರಿದವು. ನನ್ನ ಮುಖ ನೋಡಲಿಲ್ಲ. ಬೀಜ ಆರಿಸಿ ಜೇಬಿಗೆ ಹಾಕಿಕೊಂಡು ಗೇಟು ತೆಗೆದ.

ಬಸ್ಸು ಸಿಕ್ಕಿತು. ಕರಿಯ ದಾರಿಯುದ್ದಕ್ಕೂ ನಿದ್ದೆ ಹೊಡೆದ. ನನಗೆ ಮಾತ್ರ ನಿದ್ದೆ ಬರಲಿಲ್ಲ. ಆ ರೂಲು ಬರೆದ ಮೇಲೆ ಗೇಟಿನಲ್ಲಿ ಸಿಕ್ಕಿಬಿದ್ದವನು ನಾನೊಬ್ಬನೇ.