ಅಟ್ಟದ ಮೇಲಿನ ನಲ್ಲಿ

ಬಜೆಟ್ ಎಂದರೇನು ಎಂದು ಸರಿಯಾಗಿ ತಿಳಿಯದೆಯೇ ನಾನು ಎರಡು ಬಜೆಟ್‌ಗಳಿಗೆ ಕೈ ಎತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಪಕ್ಕದಲ್ಲಿದ್ದವರು ನನ್ನ ಕೈ ನೋಡಿ ತಮ್ಮ ಕೈ ಎತ್ತುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಪುಸ್ತಕ, ಪೆನ್ಸಿಲ್ ಮಾರಿಕೊಂಡಿದ್ದ ನನ್ನನ್ನು ನಮ್ಮ ಬೀದಿಯವರು ಪುರಸಭೆಗೆ ಆರಿಸಿ ಕಳಿಸಿದ್ದು ಒಂದೇ ಆಸೆಯಿಂದ: ಬೀದಿಯ ತುದಿಗೊಂದು ನಲ್ಲಿ. ಹೆಂಗಸರು ಮೂರು ಬೀದಿ ದಾಟಿ ಬಾವಿಯಿಂದ ನೀರು ಹೊರುತ್ತಿದ್ದರು. ಅವರಲ್ಲಿ ನನ್ನ ಹೆಂಡತಿ ಗೌರಮ್ಮನೂ ಒಬ್ಬಳು. ಹಾಗಾಗಿ ನಲ್ಲಿ ಬಾರದಿದ್ದರೆ ಮುಂದಿನ ಚುನಾವಣೆ ಹಾಗಿರಲಿ, ನನ್ನ ಮಧ್ಯಾಹ್ನದ ಊಟವೇ ಕಷ್ಟವಿತ್ತು.

ಅಧ್ಯಕ್ಷರು ಕೊಬ್ಬರಿ ಮಂಡಿಯ ಶಿವಣ್ಣನವರು. ಒಳ್ಳೆಯವರು, ಯಾವುದಕ್ಕೂ ಅವಸರವಿಲ್ಲದವರು. ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಅಂದಾಗಲೇ ಅದು ಕೊಬ್ಬರಿ. ಶಿವಣ್ಣನವರು ಪುರಸಭೆಯನ್ನೂ ಹೀಗೇ ನಡೆಸುತ್ತಿದ್ದರು. ನಲ್ಲಿಯ ಮಾತೆತ್ತಿದರೆ, "ಇರ್ಲಿ ಬುಡಪ್ಪ, ಅಟ್ಟದ್ ಮ್ಯಾಲಿರ್ಲಿ" ಅನ್ನುವರು. ಎರಡನೆಯ ವರ್ಷ ಪಾರ್ಕಿಗೆ ಕಾರಂಜಿ ಮಂಜೂರಾಯಿತು. ಪಾರ್ಕು ಮಾತ್ರ ಇನ್ನೂ ಇರಲಿಲ್ಲ.

ಹಳೆಯ ರಾಜರು ಕೆರೆ ಕಟ್ಟಿಸಿ, ಆಮೇಲೆ ಕಲ್ಲಿನ ಮೇಲೆ ಬರೆಸುತ್ತಿದ್ದರು. ನಾವು ಮೊದಲು ಬರೆದುಕೊಳ್ಳುತ್ತೇವೆ. ಕಟ್ಟುವ ವಿಚಾರ ನಿಧಾನವಾಗಿ ನೋಡುತ್ತೇವೆ. ಈ ವ್ಯತ್ಯಾಸವನ್ನು ನಾನು ಗೌರಮ್ಮನಿಗೆ ಬಹಳ ಪಾಂಡಿತ್ಯದಿಂದ ವಿವರಿಸಿದೆ. ಅವಳು ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು, "ಕಾಯಿ ಒಣಗಿದ್ರೆ ಕೊಬ್ರಿ ಆಯ್ತದೆ ಕಣ್ರೀ. ನಲ್ಲಿ ಒಣಗಿದ್ರೆ ಏನಾಯ್ತದೆ ಅಂತ ನಿಮ್ಮ ಅಧ್ಯಕ್ಷರನ್ನ ಕೇಳ್ಕೊಂಡ್ ಬನ್ನಿ" ಅಂದಳು. ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ಬಜೆಟ್ ಸಭೆಯ ದಿನ ತಿಂಡಿ, ನೀರು ಎರಡೂ ಸದಸ್ಯರ ಮನೆಗಳಿಂದ ಸರದಿಯಂತೆ ಬರುವುದು ನಮ್ಮಲ್ಲಿ ವಾಡಿಕೆ. ಮೂರನೆಯ ವರ್ಷ ನಮ್ಮ ಸರದಿ. ಗೌರಮ್ಮ ಗಟ್ಟಿ ಉಪ್ಪಿಟ್ಟು, ಖಾರದ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಳಿಸಿದ್ದಳು. ಎಲ್ಲರೂ ಹೊಗಳಿಕೊಂಡು ತಿಂದರು. ಶಿವಣ್ಣನವರಿಗೆ ಬಿಕ್ಕಳಿಕೆ ಹತ್ತಿತು. ನೋಡಿದರೆ ನೀರಿನ ಕೊಡವೇ ಬಂದಿಲ್ಲ. ನಮ್ಮ ಮನೆಗೆ ಓಡಿಹೋದ ಜವಾನ ಬರಿಗೈಯಲ್ಲಿ ಬಂದು, "ಅಮ್ಮೋರು ಬಾವಿಗೆ ಹೋಗವ್ರೆ ಸಾಮಿ. ಮೂರು ಬೀದಿ ದಾಟಿ ಬರ್ಬೇಕಲ್ಲ, ಅಲ್ಲೀಗಂಟ ಬಜೆಟ್ ಓದ್ತಾ ಇರ್ಲಿ ಅಂತ ಯೋಳಿ ಹೋಗವ್ರೆ" ಎಂದ.

ನನಗೆ ಮುಖ ಎತ್ತಲಾಗಲಿಲ್ಲ. ಶಿವಣ್ಣನವರು ಮಾತ್ರ ಬಿಕ್ಕಳಿಸುತ್ತಲೇ ನಕ್ಕರು. "ಅಟ್ಟದಿಂದ... ಇಳ್ಸ್ರಪ್ಪಾ... ಅದನ್ನ" ಎಂದರು. ಕಾರಂಜಿಯ ಹಣ ನಲ್ಲಿಗೆ ಬಂತು. ಯಾಕೆಂದು ತಿಳಿದು ನಾನು ಕೈ ಎತ್ತಿದ್ದು ಅಂದೇ ಮೊದಲು.

ನಲ್ಲಿಯ ಪೂಜೆಗೆ ಕಾಯಿಯನ್ನು ಶಿವಣ್ಣನವರೇ ಮನೆಯಿಂದ ತಂದರು. ಇಡೀ ಜನ್ಮದ ಅಭ್ಯಾಸ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, ಚೆನ್ನಾಗಿ ಲೊಟಲೊಟ ಅಂದದ್ದನ್ನೇ ಆರಿಸಿದ್ದರು. ಒಡೆದರೆ ಒಂದು ಹನಿ ನೀರಿಲ್ಲ; ಉಂಡೆ ಕೊಬ್ಬರಿ ಹೊರಬಿದ್ದು ಉರುಳಿತು. ಯಾರೋ ಅಪಶಕುನ ಎಂದು ಪಿಸುಗುಟ್ಟಿದರು. ಪಾಪ, ಶಿವಣ್ಣನವರ ಮುಖ ಸಣ್ಣದಾಯಿತು.

ಗೌರಮ್ಮ ನಲ್ಲಿ ತಿರುಗಿಸಿ, ಮೊದಲ ಚೊಂಬು ನೀರು ಹಿಡಿದು ಅವರ ಮುಂದೆ ನೀಡಿದಳು. "ಕಾಯ್ನೀರು ಇಲ್ದಿದ್ರೆ ಹೋಯ್ತು, ಇದನ್ನ ಕುಡೀರಣ್ಣ" ಎಂದಳು. ಅವರು ಗಟಗಟ ಕುಡಿದರು. ಬೀದಿಗೆ ಬೀದಿಯೇ ನಕ್ಕಿತು. ಅಷ್ಟರಲ್ಲಿ ಅವಳು ಕೊಬ್ಬರಿಯನ್ನು ಎತ್ತಿ, ಹೊಸ ನೀರಿನಲ್ಲಿ ತೊಳೆದು ಮಡಿಲಿಗೆ ಹಾಕಿಕೊಂಡಾಗಿತ್ತು.

ಸಂಜೆ ಅದೇ ಕೊಬ್ಬರಿಯ ಮಿಠಾಯಿ ಶಿವಣ್ಣನವರ ಮನೆಗೆ ಹೋಯಿತು. ಈ ಸಲ ಜೊತೆಗೊಂದು ಚೊಂಬು ನೀರನ್ನೂ ಅವಳು ಮರೆಯದೆ ಕಳಿಸಿದಳು.